ಹಾಯಿದೋಣಿಯ ಎಂಜಿನ್‌ಗೂ ಹೊಗೆಯ ನಿಯಮವೇ? ಎಂಜಿನ್ ಮಿಸ್ತ್ರಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಧಾರವಾಡ): ಕಾಕಾ, ನಮಸ್ಕಾರ. ನಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಹೋದ ವರ್ಷ ಇಪ್ಪತ್ತೆಂಟು ಅಡಿಯ ಹಳೆಯ ಹಾಯಿದೋಣಿ ಕೊಂಡ. ಗಾಳಿ ಇದ್ದರೆ ಹಾಯಿಯೇ ಸಾಕು. ಗಾಳಿ ಬಿದ್ದಾಗ, ಬಂದರಿನೊಳಗೆ ಹೋಗಿಬರುವಾಗ ಇಪ್ಪತ್ತು ಅಶ್ವಶಕ್ತಿಯ ಡೀಸೆಲ್ ಎಂಜಿನ್ ಚಾಲು ಮಾಡುತ್ತಾನೆ. ಅದು 1988ರ ಎಂಜಿನ್. ದೋಣಿಯ ಎಂಜಿನ್‌ಗೂ ಹೊಗೆಯ ನಿಯಮ ಇದೆ ಎಂಬ ಮಾತು ಬಂದಾಗ ಅವನ ದೋಣಿ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. 'ಹಾಗಾದರೆ ಗಾಳಿಗೂ ಒಂದು ಪ್ರಮಾಣಪತ್ರ ಮಾಡಿಸೋಣ' ಎಂದ ಒಬ್ಬ. 'ಹುಟ್ಟು ಹಾಕುವವನ ಬಾಯಿಗೂ ನಳಿಗೆ ಇಟ್ಟು ಅಳೆಯಿರಿ, ಅವನೂ ಏದುಸಿರು ಬಿಡುತ್ತಾನೆ' ಎಂದ ಇನ್ನೊಬ್ಬ. ಮೂರನೆಯವನ ಎಂಜಿನ್ ಕೆಟ್ಟು ಮೂರು ವರ್ಷವಾಗಿದೆಯಂತೆ. 'ಇಡೀ ಬಂದರಿನಲ್ಲಿ ನನ್ನದೇ ಶುದ್ಧ ಎಂಜಿನ್, ಬಹುಮಾನ ತನ್ನಿ' ಎಂದನಂತೆ. ನಕ್ಕದ್ದಾಯಿತು. ಆದರೆ ಹುಡುಗನಿಗೆ ಚಿಂತೆ ಹತ್ತಿದೆ. ಎಂಜಿನ್ ಕಪ್ಪು ಹೊಗೆ ಬಿಡುತ್ತಿದೆ, ದೋಣಿಯ ಹಿಂಭಾಗವೆಲ್ಲ ಮಸಿ. ಅದನ್ನು ತೆಗೆದುಹಾಕಲೇಬೇಕೇ?

ಉತ್ತರ: ತಮ್ಮಾ, ತೆಗೆಯಬೇಕಾಗಿಲ್ಲ ಎಂದು ಇವತ್ತೇ ಫೋನು ಮಾಡಿ ಹೇಳು. ಅಲ್ಲಿಯ ಕೇಂದ್ರ ಸರ್ಕಾರದ ನಿಯಮ ಹೊಸ ಎಂಜಿನ್ ತಯಾರಿಸಿ ಮಾರುವವರಿಗೆ ಸಂಬಂಧಿಸಿದ್ದು. ಸ್ವಂತ ಸಂತೋಷಕ್ಕೆ ದೋಣಿ ಇಟ್ಟುಕೊಂಡವನ ಹಳೆಯ ಎಂಜಿನ್ ಬಿಚ್ಚಿಸಲು ಅದು ಬರುವುದಿಲ್ಲ. 37 ಕಿಲೋವ್ಯಾಟ್, ಅಂದರೆ ಸುಮಾರು 50 ಅಶ್ವಶಕ್ತಿಗಿಂತ ಚಿಕ್ಕದಾದ ದೋಣಿ ಡೀಸೆಲ್ ಎಂಜಿನ್‌ಗಳಿಗೆ ಅಲ್ಲಿ 1998ರಲ್ಲಿ ನಿಯಮ ಮಾಡಿದರು, 2008ರಲ್ಲಿ ಬಿಗಿಗೊಳಿಸಿದರು. ನಿನ್ನ ಅಳಿಯನ ಎಂಜಿನ್ನಿನ ಅಳತೆಯದನ್ನೇ ಈಗ ಹೊಸದಾಗಿ ತಯಾರಿಸಿದರೆ, ಒಂದು ಕಿಲೋವ್ಯಾಟ್-ಗಂಟೆಯ ಕೆಲಸಕ್ಕೆ ಅದು ಬಿಡುವ ಮಸಿ 0.40 ಗ್ರಾಂ ಮೀರಬಾರದು. ನೈಟ್ರೋಜನ್ ಆಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಎರಡೂ ಸೇರಿ 7.5 ಗ್ರಾಂ ಮೀರಬಾರದು. ಯುರೋಪಿನಲ್ಲಿ ವಿಹಾರದ ದೋಣಿಗಳಿಗೆ 2003ರ ತಿದ್ದುಪಡಿಯಿಂದ ಹೊಗೆಯ ಮಿತಿ ಬಂತು, 2013ರ ನಿರ್ದೇಶನ ಅದನ್ನು ಇನ್ನಷ್ಟು ಇಳಿಸಿತು.

ಆ ಗೆಳೆಯರ ನಗೆಯಲ್ಲಿ ಒಂದು ನ್ಯಾಯವಿದೆ, ಅದನ್ನು ಮನಸಾರೆ ಒಪ್ಪುತ್ತೇನೆ. ವರ್ಷದಲ್ಲಿ ಕೆಲವೇ ಗಂಟೆ ಓಡುವ ಎಂಜಿನ್ ಅದು. ಬೆಳಗಾದರೆ ಓಡುವ ಲಾರಿಯ ಸಾಲಿಗೆ ಅದನ್ನು ನಿಲ್ಲಿಸಬಾರದು. ಆದರೆ ಕಪ್ಪು ಹೊಗೆಯನ್ನು ನಗೆಯಲ್ಲಿ ತೇಲಿಸಿಬಿಡಬಾರದು. ಅದು ಎಂಜಿನ್ ತನ್ನ ಕಷ್ಟ ಹೇಳಿಕೊಳ್ಳುವ ಬಗೆ.

ನಾನು ಹುಬ್ಬಳ್ಳಿಯಲ್ಲಿ ಅಂಗಡಿ ಹಾಕುವ ಮೊದಲು ಏಳು ವರ್ಷ ಕಾರವಾರದ ಬೈತಖೋಲದಲ್ಲಿ ಮೀನುಗಾರಿಕೆ ದೋಣಿಗಳ ಎಂಜಿನ್ ಬಿಚ್ಚುತ್ತಿದ್ದೆ. ಪಂಪ್‌ಸೆಟ್ಟಿನ ಎಂಜಿನ್ ಕಪ್ಪು ಹೊಗೆ ಬಿಟ್ಟರೆ ನಾವು ಮೊದಲು ನಾಜಲ್, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿ ನೋಡುತ್ತೇವೆ, ಏರ್ ಫಿಲ್ಟರ್ ನೋಡುತ್ತೇವೆ. ದೋಣಿಯಲ್ಲಿ ಮೊದಲು ನೋಡಬೇಕಾದ ಜಾಗ ಬೇರೆ. ಅಲ್ಲಿ ಎಂಜಿನ್ ತಂಪು ಮಾಡಿದ ಉಪ್ಪುನೀರನ್ನು ಹೊಗೆಯ ಕೊಳವೆಗೇ ಬಿಡುತ್ತಾರೆ, ಕೊಳವೆ ಸುಡದಿರಲಿ ಎಂದು. ಹೊಗೆಯೂ ನೀರೂ ಕೂಡುವ ಆ ಬೆಂಡಿನೊಳಗೆ ಮಸಿ ಮತ್ತು ಉಪ್ಪು ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ತೂತು ಕಿರಿದಾದಂತೆ ಹೊಗೆ ಹೊರಬರಲಾರದೆ ಸಿಲಿಂಡರಿಗೆ ಹೊಸ ಗಾಳಿ ಸಾಲುವುದಿಲ್ಲ. ಗಾಳಿ ಸಾಲದೆ ಡೀಸೆಲ್ ಅರೆಬೆಂದು ಮಸಿಯಾಗುತ್ತದೆ. ಆ ಬೆಂಡು ಬಿಚ್ಚಿ ಒಳಗೆ ನೋಡಲು ಹೇಳು. ಆಮೇಲೆ ನೀರಿನಡಿಯ ಪಂಖ: ಅದಕ್ಕೆ ಚಿಪ್ಪು ಹತ್ತಿದ್ದರೆ ಎಂಜಿನ್ ಅಳತೆ ಮೀರಿದ ಭಾರ ಎಳೆಯುತ್ತಿರುತ್ತದೆ, ಆಗಲೂ ಹೊಗೆ ಕಪ್ಪೇ. ಇವೆರಡೂ ಸರಿ ಇದ್ದರೆ ಮಾತ್ರ ನಾಜಲ್ ತೆಗೆದು ಟೆಸ್ಟರ್ ಮೇಲೆ ಹಾಕಿಸಲಿ. ಡೀಸೆಲ್ ಇಬ್ಬನಿಯಂತೆ ಚಿಮ್ಮಬೇಕು, ಧಾರೆಯಾಗಿ ಬೀಳಬಾರದು.

ಇನ್ನೊಂದು ಕೇಳು: ಬ್ಯಾಟರಿ ಚಾರ್ಜ್ ಮಾಡಲೆಂದು ಗಂಟೆಗಟ್ಟಲೆ ಖಾಲಿ ಓಡಿಸುತ್ತಾನೆಯೇ?

ಪ್ರಶ್ನೆ (ಅದೇ ಧಾರವಾಡದವರು): ಹೌದು ಕಾಕಾ. ಹಾಯಿ ಬಿಟ್ಟ ದಿನ ಸಂಜೆ ಲಂಗರು ಹಾಕಿ, ಎರಡು ಗಂಟೆ ನಿಧಾನಕ್ಕೆ ಓಡಿಸುತ್ತಾನಂತೆ.

ಉತ್ತರ: ಅದೇ ಅದರ ಕಾಯಿಲೆಯ ಬೇರು. ನಮ್ಮ ಕಡೆ ಪಂಪ್‌ಸೆಟ್ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಭಾರ ಎಳೆಯುತ್ತದೆ. ಹತ್ತು ವರ್ಷದ ನಂತರ ಹೆಡ್ ಬಿಚ್ಚಿದರೂ ಒಳಗೆ ಸ್ವಚ್ಛ. ಮದುವೆ ಮಂಟಪದ ದೊಡ್ಡ ಜನರೇಟರಿಗೆ ನಾಲ್ಕು ದೀಪ ಮಾತ್ರ ಜೋಡಿಸಿ ರಾತ್ರಿಯಿಡೀ ಓಡಿಸಿದ್ದನ್ನು ಬಿಚ್ಚಿದರೆ ಕೈಯೆಲ್ಲ ಜಿಡ್ಡು ಮಸಿ. ಭಾರವಿಲ್ಲದ ಡೀಸೆಲ್ ಎಂಜಿನ್ ಒಳಗೆ ಬಿಸಿಯೇರುವುದಿಲ್ಲ, ಇಂಧನ ಪೂರ್ತಿ ಉರಿಯುವುದಿಲ್ಲ, ಸಿಲಿಂಡರಿನ ಒಳಗೋಡೆ ಗಾಜಿನಂತೆ ನುಣುಪಾಗಿ ಆಯಿಲ್ ಹಿಡಿಯುವುದನ್ನು ಬಿಡುತ್ತದೆ. ಬ್ಯಾಟರಿಗೆ ಒಂದು ಸೌರಫಲಕ ಹಾಕಿಸಲಿ. ಎಂಜಿನ್ ಚಾಲು ಮಾಡಿದ ದಿನ ಗೇರು ಹಾಕಿ ಅರ್ಧ ಗಂಟೆಯಾದರೂ ಚೆನ್ನಾಗಿ ದುಡಿಸಲಿ.

ಪ್ರಶ್ನೆ (ಗದಗ): ಮಿಸ್ತ್ರಿಯವರೇ, ಕಪ್ಪತಗುಡ್ಡದ ಗಾಳಿಯನ್ನು ಆ ಹುಡುಗನಿಗೆ ಕಳಿಸಿಕೊಟ್ಟರೆ ಎಂಜಿನ್ನೇ ಬೇಡವಾಗುತ್ತದೆ! ನಮ್ಮ ದೇಶದ ನಿಯಮ ಏನು ಹೇಳುತ್ತದೆ ಎಂಬುದನ್ನೂ ತಿಳಿಸಿ.

ಉತ್ತರ: ನಮ್ಮಲ್ಲಿ ನದಿ, ಕೆರೆಗಳ ಯಾಂತ್ರಿಕ ದೋಣಿಗಳಿಗೆ 1917ರ ಕಾಯ್ದೆಯೇ ನಡೆದುಬಂದಿತ್ತು. ಅದರ ಜಾಗಕ್ಕೆ 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯ್ದೆ ಬಂತು. ತಪಾಸಣೆ, ನೋಂದಣಿಗಳ ಜೊತೆಗೆ ಮಾಲಿನ್ಯ ತಡೆಯ ಮಾತೂ ಅದರಲ್ಲಿದೆ. ರಸ್ತೆಯ ವಾಹನಕ್ಕೆ 2020ರ ಏಪ್ರಿಲ್‌ನಿಂದ ಬಿಎಸ್ 6, 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರಿಗೆ 2023ರ ಜನವರಿಯಿಂದ ಹೊಸ ಮಿತಿ, ಜನರೇಟರಿಗೆ ಅದೇ ವರ್ಷದ ಜುಲೈಯಿಂದ. ಇವು ಬಂದಾಗಲೂ ಅಂಗಡಿ ಮುಂದೆ ನಿಂತು ನಕ್ಕವರನ್ನು ನೋಡಿದ್ದೇನೆ. ಹೊಸ ಟ್ರ್ಯಾಕ್ಟರಿನ ಹಿಂದೆ ನಿಂತು ಉಸಿರಾಡಿದವರು ಈಗ ಹಾಗೆ ನಗುವುದಿಲ್ಲ.

ಪ್ರಶ್ನೆ (ಹಾವೇರಿ ಜಿಲ್ಲೆ, ತುಂಗಭದ್ರೆಯ ದಂಡೆ): ಅಣ್ಣಾವರೇ, ನಾವು ಹರಿಗೋಲು ಬಿಟ್ಟು ಈಗ ಫೈಬರ್ ದೋಣಿ ಮಾಡಿಸಿದ್ದೇವೆ. ಗೋವಾ ಕಡೆಯಿಂದ ಹಳೆಯದೊಂದು ಪೆಟ್ರೋಲ್ ಎಂಜಿನ್, ದೋಣಿಯ ಹಿಂದೆ ತೂಗುಹಾಕುವಂಥದು, ಅಗ್ಗಕ್ಕೆ ಸಿಗುತ್ತಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಂತೆ. ಕೊಳ್ಳಬಹುದೇ?

ಉತ್ತರ: ಬೇಡ ಅಣ್ಣಾ. ಕೈಮುಗಿದು ಕೇಳುತ್ತೇನೆ, ಬೇಡ. ಆಯಿಲ್ ಬೆರೆಸಬೇಕು ಎಂದರೆ ಅದು ಹಳೆಯ ಟೂ ಸ್ಟ್ರೋಕ್, ನಮ್ಮ ಹಳೆಯ ಸ್ಕೂಟರು, ಆಟೋಗಳಲ್ಲಿ ಇದ್ದಂಥದು. ಅದರಲ್ಲಿ ಹೊಸ ಪೆಟ್ರೋಲ್ ಒಳಬರುವ ಕಿಂಡಿ, ಹೊಗೆ ಹೊರಹೋಗುವ ಕಿಂಡಿ ಎರಡೂ ಒಂದೇ ಹೊತ್ತಿಗೆ ತೆರೆದಿರುತ್ತವೆ. ಒಳಬಂದ ಪೆಟ್ರೋಲಿನಲ್ಲಿ ಕಾಲು ಭಾಗದಷ್ಟು ಉರಿಯದೆಯೇ ಜಾರಿಹೋಗುತ್ತದೆ. ಹತ್ತು ಲೀಟರ್ ಹಾಕಿಸಿದರೆ ಎರಡೂವರೆ ಲೀಟರ್ ಗಂಟುಕಳ್ಳನ ಪಾಲು. ಸ್ಕೂಟರಿನಲ್ಲಿ ಅದು ಗಾಳಿಗೆ ಹೋಗುತ್ತಿತ್ತು. ದೋಣಿಯಲ್ಲಿ ಹೊಗೆಯ ಬಾಯಿ ನೀರಿನೊಳಗೇ ಇರುತ್ತದೆ. ಗದಗ-ಬೆಟಗೇರಿಯ ನಲ್ಲಿಗೆ ಬರುವುದೂ ನಿಮ್ಮ ದಂಡೆಯ ಆ ತುಂಗಭದ್ರೆಯ ನೀರೇ.

ಅಮೆರಿಕದ ಟಾಹೋ ಸರೋವರದಲ್ಲಿ 1999ರಲ್ಲೇ ಕಾರ್ಬುರೇಟರ್ ಇರುವ ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳನ್ನು ನಿಷೇಧಿಸಿದರು. ಅಲ್ಲಿಯ ಸರ್ಕಾರ 1996ರಲ್ಲಿ ಇಂಥ ಎಂಜಿನ್ ತಯಾರಕರಿಗೆ ನಿಯಮ ಮಾಡಿದ್ದೂ ಈ ಸೋರಿಕೆಯ ಸಲುವಾಗಿಯೇ. ಫೋರ್ ಸ್ಟ್ರೋಕ್ ಎಂಜಿನ್ ಹುಡುಕಿ. ಬೆಲೆ ಹೆಚ್ಚು, ತೂಕವೂ ಹೆಚ್ಚು, ನಿಜ. ಪೆಟ್ರೋಲಿನ ಉಳಿತಾಯದಲ್ಲಿ ಆ ಹಣ ಮರಳಿ ಬರುತ್ತದೆ. ಕೊಳ್ಳುವ ಮುನ್ನ ದೋಣಿಯ ನೋಂದಣಿಯನ್ನೂ ವಿಚಾರಿಸಿಕೊಳ್ಳಿ.

ಪ್ರಶ್ನೆ (ಹುಬ್ಬಳ್ಳಿ): ಕಾಕಾ, ರಜೆಯಲ್ಲಿ ಮಕ್ಕಳೊಂದಿಗೆ ಕರಾವಳಿಗೆ ಹೋದಾಗ ದೋಣಿ ಹತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕುಳಿತ ಮಗಳಿಗೆ ತಲೆನೋವು, ವಾಕರಿಕೆ. ನೀರಿನ ಓಲಾಟಕ್ಕೆ ಎಂದುಕೊಂಡೆವು. ಹೊಗೆಯೂ ಕಾರಣವಿರಬಹುದೇ?

ಉತ್ತರ: ಇರಬಹುದು ತಂಗೀ, ಎರಡಕ್ಕೂ ಲಕ್ಷಣ ಒಂದೇ ಬಗೆ. ದೋಣಿ ಮುಂದೆ ಸಾಗುವಾಗ ಅದರ ಬೆನ್ನ ಹಿಂದೆ ಗಾಳಿ ಖಾಲಿಯಾಗಿ ಸುಳಿಯುತ್ತದೆ, ಬಿಟ್ಟ ಹೊಗೆ ಹಿಂದಿನ ಸೀಟಿಗೇ ಮರಳುತ್ತದೆ. ಪೆಟ್ರೋಲ್ ಎಂಜಿನ್ ಆದರೆ ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2000ರಲ್ಲಿ ಅಮೆರಿಕದ ಪೊವೆಲ್ ಸರೋವರದಲ್ಲಿ ಮನೆದೋಣಿಯ ಜನರೇಟರ್ ಬಿಟ್ಟ ಈ ಅನಿಲದಿಂದ ದೋಣಿಯ ಹಿಂದೆ ಈಜುತ್ತಿದ್ದ ಅಣ್ಣತಮ್ಮಂದಿರಿಬ್ಬರು, ಚಿಕ್ಕ ಹುಡುಗರು, ತೀರಿಕೊಂಡರು. ಅದನ್ನು ಓದಿದ ಮೇಲೆ ಹೊಗೆಯ ನಿಯಮ ಎಂದರೆ ನನಗೆ ಮೊದಲು ನೆನಪಾಗುವವರು ಆ ಮಕ್ಕಳೇ. ಇನ್ನು ಮುಂದೆ ಮಕ್ಕಳನ್ನು ಮುಂಭಾಗದಲ್ಲಿ ಕೂರಿಸಿ. ದೋಣಿ ನಿಂತಿರುವಾಗ ಎಂಜಿನ್ ಬಂದ್ ಮಾಡಿಸಿ. ಎಂಜಿನ್ ಓಡುತ್ತಿರುವಾಗ ಹಿಂದೆ ಈಜಲು ಬಿಡಲೇಬೇಡಿ.

ಪ್ರಶ್ನೆ (ಧಾರವಾಡದವರು, ನಾಲ್ಕು ದಿನದ ನಂತರ): ಕಾಕಾ, ಹುಡುಗ ಬೆಂಡು ಬಿಚ್ಚಿದ. ಹೆಬ್ಬೆರಳು ಸಲೀಸಾಗಿ ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಮಾತ್ರ ಹೋಗುತ್ತದಂತೆ. ಕೆರೆದು ಹಾಕಲೇ ಎಂದು ಕೇಳುತ್ತಿದ್ದಾನೆ.

ಉತ್ತರ: ಕೆರೆಯುವುದು ಬೇಡ. ಒಳಗೋಡೆ ಉಪ್ಪಿಗೆ ತಿಂದುಹೋಗಿರುತ್ತದೆ, ಕೆರೆದರೆ ತೂತು ಬೀಳುತ್ತದೆ, ಹೊಗೆ ದೋಣಿಯ ಒಳಗೇ ತುಂಬುತ್ತದೆ. ಹೊಸ ಬೆಂಡು, ಹೊಸ ಪ್ಯಾಕಿಂಗ್ ಹಾಕಲಿ. ಹಾಕಿದ ಮೇಲೆ ಎಂಜಿನ್ ಬಿಸಿಯಾಗಿ ಭಾರ ಎಳೆಯುವಾಗ ಹೊಗೆಯ ವಿಡಿಯೊ ಕಳಿಸಲು ಹೇಳು. ಬಣ್ಣ ನೋಡಿ ನಾಜಲ್ ತೆಗೆಯಬೇಕೋ ಬೇಡವೋ ಹೇಳುತ್ತೇನೆ.