ಮಳೆ ಸದ್ದು ತೆಗೆಯುವ ಪ್ಲಗಿನ್ ಹಾಕಿದ ಮೇಲೆ ಹಾಡು ದುಡಿಗಿಂತ ಹಿಂದೆ ಬೀಳುತ್ತಿದೆ

ನಾಪೋಕ್ಲು ಹುಡುಗ:
ಪಕ್ಕದ ಮನೆ ತಾತ ಹುತ್ತರಿ ಹಾಡು ಹೇಳುತ್ತಾರೆ, ದುಡಿಯೂ (ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಚರ್ಮವಾದ್ಯ) ಅವರೇ ಬಾರಿಸುತ್ತಾರೆ. ದನಿ ಗಟ್ಟಿ ಇರುವಾಗಲೇ ಒಂದಿಷ್ಟು ಹಿಡಿದಿಡೋಣ ಅಂತ ಕಾಫಿ ಮೂಟೆ ಇಡುವ ಕೋಣೆಯಲ್ಲೇ ರೆಕಾರ್ಡಿಂಗ್ ಶುರು ಮಾಡಿದೆ. ಇರುವುದು ಒಂದೇ ಮೈಕು. ಹಾಗಾಗಿ ಮೊದಲು ದುಡಿ, ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡು.

ಜುಲೈ ತಿಂಗಳು, ತಲೆ ಮೇಲೆ ತಗಡಿನ ಶೀಟು. ಹೇಳಬೇಕಾ? ಹಾಡಿನ ಟ್ರ್ಯಾಕಿಗೆ ಸದ್ದು ತೆಗೆಯುವ ಉಚಿತ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಒಂದನ್ನು ಹಾಕಿದೆ. ತಾತ ಎರಡು ಸಾಲು ಹೇಳಿ ಹೆಡ್‌ಫೋನ್ ಕಿತ್ತಿಟ್ಟರು. "ಒಳಗೆ ಇನ್ಯಾರೋ ನನ್ನ ಹಿಂದೆ ಹಿಂದೆ ಹಾಡ್ತಾ ಇದ್ದಾನೆ" ಅಂದರು.

ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಶಬ್ದದ ತುಣುಕನ್ನು, 256 ಸ್ಯಾಂಪಲ್‌ನಿಂದ (ಶಬ್ದದ ಒಂದೊಂದು ಅಳತೆ) 64ಕ್ಕೆ ಇಳಿಸಿದೆ. ಚಟಪಟ ಸದ್ದು ಬಂತು ಅಷ್ಟೇ. ಹೇಗೋ ಒಂದು ಟೇಕ್ ಮುಗಿಸಿ, ಹಾಡಿನ ಕ್ಲಿಪ್ಪನ್ನು ಕೈಯಿಂದ ಎಡಕ್ಕೆ ಎಳೆದೆ. ಮೊದಲ ಸಾಲು ಕೂತಿತು. ನಾಲ್ಕನೇ ಸಾಲಿಗೆ ಬರುವಾಗ ದುಡಿ ಒಂದು ದಾರಿ, ಹಾಡು ಒಂದು ದಾರಿ. ಸಾಫ್ಟ್‌ವೇರ್ ರೀಪರ್, 48 ಕಿಲೋಹರ್ಟ್ಸ್ (ಸೆಕೆಂಡಿಗೆ 48000 ಸ್ಯಾಂಪಲ್), ಮೈಕನ್ನು ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ ಇಂಟರ್‌ಫೇಸ್. ಪ್ಲಗಿನ್ನಿನ ತಡವನ್ನು ಸಾಫ್ಟ್‌ವೇರೇ ಸರಿ ಮಾಡುತ್ತದೆ ಅಂತಾರಲ್ವಾ?

ಹಳೇ ಟೇಪು:
ಎಫ್‌ಎಕ್ಸ್ ವಿಂಡೋ (ಹಾಕಿದ ಪ್ಲಗಿನ್‌ಗಳು ಕಾಣುವ ಕಿಟಕಿ) ಕೆಳಗೆ ತಡ ಎಷ್ಟು ಅಂತ ಸ್ಯಾಂಪಲ್ ಲೆಕ್ಕ ಇರುತ್ತದೆ. ಎಷ್ಟಿದೆ?

ನಾಪೋಕ್ಲು ಹುಡುಗ:
4096.

ಹಳೇ ಟೇಪು:
ಸಿಕ್ಕಿತು ನೋಡಿ. 4096ನ್ನು 48000ದಿಂದ ಭಾಗಿಸಿ, ಸುಮಾರು 85 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ 29 ಮೀಟರ್ ಹೋಗುತ್ತದೆ. ತಾತ ತಮ್ಮದೇ ದನಿಯನ್ನು ಗದ್ದೆಯ ಆಚೆ ಬದಿಯಿಂದ ಕೇಳಿಸಿಕೊಂಡ ಹಾಗೆ. ನೀವು ಬಫರ್ ಇಳಿಸಿ ಉಳಿಸಿದ್ದು ಒಂದು ದಾರಿಗೆ 4 ಮಿಲಿಸೆಕೆಂಡ್, ಹೋಗಿ ಬರುವುದಕ್ಕೆ 8. ಇಲ್ಲಿ ಅದು ಯಾವ ಲೆಕ್ಕಕ್ಕೂ ಇಲ್ಲ.

ಇಂಥ ಪ್ಲಗಿನ್ ಒಂದಿಷ್ಟು ಶಬ್ದವನ್ನು ಮೊದಲು ಕೂಡಿಟ್ಟುಕೊಂಡು, ಇದರಲ್ಲಿ ಮಳೆ ಯಾವುದು, ದನಿ ಯಾವುದು ಅಂತ ನೋಡಿ ಆಮೇಲೆ ಬಿಡುತ್ತದೆ. ಸಾಫ್ಟ್‌ವೇರ್ ಸರಿ ಮಾಡುವುದು ನಿಜ, ಆದರೆ ಹೇಗೆ? ಉಳಿದ ಟ್ರ್ಯಾಕುಗಳನ್ನೂ ಅಷ್ಟೇ ಹೊತ್ತು ತಡೆದು, ಎಲ್ಲವನ್ನೂ ಒಟ್ಟಿಗೆ ಬಿಡುತ್ತದೆ. ರೆಕಾರ್ಡ್ ಆಗಿರುವುದಕ್ಕೆ ಅದು ಸಾಕು. ಈಗ ಬಾಯಿಂದ ಬರುತ್ತಿರುವ ಹಾಡನ್ನು ಮುಂದಕ್ಕೆ ತರಲು ಯಾವ ಸಾಫ್ಟ್‌ವೇರಿಗೂ ಆಗಲ್ಲ.

ನಾಲ್ಕನೇ ಸಾಲಿನ ವಿಷಯ ಬೇರೆ. ತಮ್ಮ ದನಿ ತಡವಾಗಿ ಕೇಳಿದರೆ ಯಾರೇ ಆದರೂ ಎಳೆದೆಳೆದು ಹಾಡುತ್ತಾರೆ. ತಾತ ಸಾಲು ಸಾಲಿಗೂ ನಿಧಾನ ಆಗಿದ್ದಾರೆ. ಕ್ಲಿಪ್ ಎಳೆದರೆ ಅದು ಸರಿ ಹೋಗಲ್ಲ. ಆ ಟೇಕ್ ಬಿಡಿ.

ಹಾಡಿಸುವಾಗ ಪ್ಲಗಿನ್ ಆಫ್‌ಲೈನ್ ಮಾಡಿ, ಅಂದರೆ ಪೂರ್ತಿ ಇಳಿಸಿಬಿಡಿ. ಬೈಪಾಸ್ ಒತ್ತಿ ಕೆಲಸ ಮಾತ್ರ ನಿಲ್ಲಿಸಿದರೂ ಕೆಲವು ಪ್ಲಗಿನ್ ತಡವನ್ನು ಹಾಗೇ ಇಟ್ಟುಕೊಂಡಿರುತ್ತವೆ. ಮಳೆ ಸದ್ದನ್ನು ಮಿಕ್ಸಿಂಗಿನಲ್ಲಿ ತೆಗೆದರಾಯಿತು.

ಕುಶಾಲನಗರ 48ಕೆ:
ಎಲ್ಲ ಟ್ರ್ಯಾಕುಗಳೂ ಬಂದು ಸೇರುವ ಮಾಸ್ಟರ್ ಟ್ರ್ಯಾಕೂ ನೋಡಿ. ನಾನು ಒಮ್ಮೆ ಇಡೀ ಸಂಜೆ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ನೋಡಿದರೆ ಮಾಸ್ಟರಲ್ಲಿ ಲುಕ್‌ಅಹೆಡ್ ಇರುವ ಲಿಮಿಟರ್ (ಮುಂದೆ ಬರುವ ಸದ್ದನ್ನು ಮೊದಲೇ ನೋಡಿಕೊಂಡು ಅತಿ ಜೋರನ್ನು ತಡೆಯುವ ಪ್ಲಗಿನ್) ಕೂತಿತ್ತು. ತಡ ಮಾಡುವ ಯಾವ ಪ್ಲಗಿನ್ ಅಲ್ಲಿ ಹಾಕಿದರೂ ಎಲ್ಲದಕ್ಕೂ ತಡ. ಲೀನಿಯರ್ ಫೇಸ್ ಈಕ್ಯೂ (ದಪ್ಪ, ತೆಳು ದನಿಗಳ ಮಟ್ಟ ಹೊಂದಿಸುವ ಒಂದು ಬಗೆಯ ಪ್ಲಗಿನ್) ಕೂಡ ಅದೇ ಜಾತಿ.

ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ (ಮೈಕಿನ ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನಿಗೆ ಕಳಿಸುವುದು) ಇದ್ದರೆ ಅದನ್ನೇ ಹಾಕಿ, ರೀಪರಿನ ಮಾನಿಟರಿಂಗ್ ನಿಲ್ಲಿಸಿ. ಎರಡೂ ಇದ್ದರೆ ತಾತನಿಗೆ ಮತ್ತೆ ಇಬ್ಬರು ಕೇಳುತ್ತಾರೆ.

ಆಮೇಲೂ ಹಾಡು ಉದ್ದಕ್ಕೂ ಒಂದೇ ಅಳತೆಯಲ್ಲಿ ಹಿಂದಿದ್ದರೆ ಇಂಟರ್‌ಫೇಸಿನ ಡ್ರೈವರ್ ಸಾಫ್ಟ್‌ವೇರ್ ತಡದ ತಪ್ಪು ಲೆಕ್ಕ ಕೊಡುತ್ತಿರಬಹುದು. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಚುಚ್ಚಿ, ಕ್ಲಿಕ್ ಸದ್ದು ಕಳಿಸಿ ರೆಕಾರ್ಡ್ ಮಾಡಿ. ಮೂಲಕ್ಕಿಂತ ಎಷ್ಟು ಸ್ಯಾಂಪಲ್ ಹಿಂದೆ ಕೂತಿದೆ ನೋಡಿ, ಅಷ್ಟನ್ನು ರೆಕಾರ್ಡಿಂಗ್ ಸೆಟ್ಟಿಂಗಿನ ಆಫ್‌ಸೆಟ್ಟಿನಲ್ಲಿ ತುಂಬಿ.

ನಾಪೋಕ್ಲು ಹುಡುಗ:
ಪ್ಲಗಿನ್ ಆಫ್‌ಲೈನ್, ಡೈರೆಕ್ಟ್ ಮಾನಿಟರ್ ಆನ್. ಮಾಸ್ಟರಿನಲ್ಲೂ ಒಂದು ಲಿಮಿಟರ್ ಇತ್ತು, ಯಾವಾಗ ಹಾಕಿದ್ದೆನೋ ಗೊತ್ತಿಲ್ಲ. ಬಫರ್ ವಾಪಸ್ 256. ಕೇಬಲ್ ಪರೀಕ್ಷೆಯಲ್ಲಿ 31 ಸ್ಯಾಂಪಲ್ ವ್ಯತ್ಯಾಸ ಬಂತು, ಒಂದು ಮಿಲಿಸೆಕೆಂಡೂ ಇಲ್ಲ. ಆದರೂ ತುಂಬಿದೆ, ಸುಮ್ನೆ ಯಾಕೆ ಬಿಡಬೇಕು.

ತಾತ ಒಂದು ಕಿವಿ ಬಿಟ್ಟು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಹೇಳಿದರು. ಕೊನೆ ಸಾಲಿನವರೆಗೂ ದುಡಿ ಮೇಲೆಯೇ ಇದ್ದಾರೆ. ಪ್ಲೇ ಮಾಡುವಾಗ ಪ್ಲಗಿನ್ ಮತ್ತೆ ಆನ್ ಮಾಡಿದೆ, ಆಗಲೂ ಜಾಗ ಬಿಟ್ಟು ಕದಲಲಿಲ್ಲ.

ಕೇಳಿಸಿದ್ದಕ್ಕೆ ಈಗ ತಾತನ ಹೊಸ ತಕರಾರು: "ಹಾಡು ಸರಿ ಇದೆ, ದುಡಿ ಯಾರು ಹೊಡೆದದ್ದು ಇಷ್ಟು ನಿಧಾನ?" ನಾಳೆ ಕರೆಂಟ್ ಇದ್ದರೆ ದುಡಿಯಿಂದ ಮತ್ತೆ ಶುರು.