ಒಣ ಗಾಳಿ, ಬೆಟ್ಟದ ಬೆಂಕಿ: ಕಾಡಂಚಿನ ತೋಟದವರು ನಿಮ್ಮ ಅನುಭವ ಹೇಳಿ

ಕೇಳಿದವರು, ತುಮಕೂರು

ನಮಸ್ಕಾರ. ದೇವರಾಯನದುರ್ಗದ ಬುಡದಲ್ಲಿ ನಮ್ಮದು ಮೂರು ಎಕರೆ ಮಾವಿನ ತೋಟ. ಒಂದು ಕಡೆ ಬೇಲಿಗೆ ಕಾಡೇ ತಾಗಿಕೊಂಡಿದೆ. ಹೋದ ವರ್ಷವಷ್ಟೇ ಮಾವನವರಿಂದ ನಮ್ಮ ಕೈಗೆ ಬಂತು, ನಾವಿರುವುದು ಟೌನಿನಲ್ಲಿ. ಈ ವಾರದ ಮುನ್ಸೂಚನೆ ನೋಡಿದರೆ ಐದು ದಿನವೂ ಮಳೆ ಸೊನ್ನೆ, ಮೋಡ ಇಲ್ಲ, ಗಾಳಿ ಜಾಸ್ತಿ. ಬೆಟ್ಟದ ಹುಲ್ಲು ಸೊಂಟದೆತ್ತರ ಒಣಗಿ ನಿಂತಿದೆ. "ಬೇಲಿ ಸಾಲನ್ನು ನೀವೇ ಸುಟ್ಟುಬಿಡಿ, ಆಮೇಲೆ ಚಿಂತೆ ಇರಲ್ಲ" ಅಂತ ಪಕ್ಕದ ತೋಟದವರು ಹೇಳುತ್ತಿದ್ದಾರೆ. ಸುಡಬಹುದಾ? ಯಾವ ದಿನ ಹುಷಾರಾಗಿರಬೇಕು ಅಂತ ಮೊದಲೇ ತಿಳಿಯುವ ದಾರಿ ಇದೆಯಾ?

ಮಧುಗಿರಿ ಕಡೆಯ ರೈತ

ಅಕ್ಕ, ಈ ವಾರ ಕಡ್ಡಿ ಗೀರಲೇಬೇಡಿ. ನಾನು ಗೀರಿ ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ಆರು ವರ್ಷದ ಹಿಂದೆ, ಶಿವರಾತ್ರಿ ಕಳೆದು ಒಂದು ವಾರ ಆಗಿತ್ತು. ಬೆಳಗ್ಗೆ ಆರೂವರೆಗೆ ಬದುವಿನ ಹುಲ್ಲಿಗೆ ಬೆಂಕಿ ಇಟ್ಟೆ. ಎಲೆ ಅಲುಗುತ್ತಿರಲಿಲ್ಲ. ಎಂಟಕ್ಕೆಲ್ಲ ಸುಟ್ಟು ಕಪ್ಪಾಯಿತು, ಎರಡು ಬಿಂದಿಗೆ ನೀರೂ ಹಾಕಿದೆ, ಮನೆಗೆ ಹೋಗಿ ಮುದ್ದೆ ಉಂಡೆ. ಬದುವಿನಲ್ಲಿ ಹಳೇ ಜಾಲಿ ಮೋಟು ಒಂದಿತ್ತು. ಅದರ ಬೇರಿನೊಳಗೆ ಕೆಂಡ ಉಳಿದಿದ್ದು ನನಗೆ ಗೊತ್ತೇ ಆಗಲಿಲ್ಲ. ಹನ್ನೊಂದೂವರೆಗೆ ಗಾಳಿ ಎದ್ದಿತು ನೋಡಿ, ಕಿಡಿ ಹಾರಿ ಪಕ್ಕದವರ ರಾಗಿ ಹುಲ್ಲಿನ ಬಣವೆಗೆ ಬಿತ್ತು. ಬಣವೆ ಹೋಯಿತು, ಅವರ ಡ್ರಿಪ್ ಪೈಪು ಕರಗಿ ನೆಲಕ್ಕೆ ಅಂಟಿತು. ಎರಡು ಹಸುವಿಗೆ ಮಳೆಗಾಲದವರೆಗೆ ನಾನೇ ಹುಲ್ಲು ಕೊಂಡು ಹಾಕಿದೆ. ಅವರು ಇವತ್ತಿಗೂ ನನ್ನ ಹತ್ತಿರ ಕಡ್ಡಿಪೆಟ್ಟಿಗೆ ಕೇಳಲ್ಲ, ನಗುತ್ತಾರೆ ಅಷ್ಟೇ.

ಆರಿದೆಯಾ ಅಂತ ಕಣ್ಣಲ್ಲಿ ನೋಡಿ ನಂಬಬೇಡಿ. ಅಂಗೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿಯಿರಿ. ಬಿಸಿ ತಾಗಿದರೆ ಇನ್ನೂ ಇದೆ ಅಂತ ಅರ್ಥ. ಮೋಟು, ಒಣ ಸಗಣಿ, ಗೊಬ್ಬರದ ಗುಡ್ಡೆ, ಇವು ಮಾರನೇ ದಿನದವರೆಗೂ ಒಳಗೊಳಗೇ ಉರಿಯುತ್ತವೆ.

ಸುಡುವ ಬದಲು ಬೇಲಿ ಪಕ್ಕ ಹನ್ನೆರಡು ಅಡಿ ಅಗಲ ಹುಲ್ಲು ಕೊಯ್ಸಿ, ಗುಡಿಸಿ, ಬರೀ ಮಣ್ಣು ಕಾಣುವ ಹಾಗೆ ಮಾಡಿ. ಟ್ರ್ಯಾಕ್ಟರ್‌ನಲ್ಲಿ ಉಳುಮೆ ಮಾಡಿಸಿದರೆ ಇನ್ನೂ ವಾಸಿ, ಆದರೆ ಈಗ ನೆಲ ಕಲ್ಲಾಗಿದೆ, ನೇಗಿಲು ಇಳಿಯಲ್ಲ. ಅದು ಕಾರ್ತಿಕದ ಹಸಿ ಆರುವ ಮುಂಚೆ ಮಾಡುವ ಕೆಲಸ, ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಿ. ಪೆಟ್ರೋಲ್ ಮೆಷಿನ್‌ನಲ್ಲಿ ಕೊಯ್ಸುವುದಾದರೆ ಬೆಳಗ್ಗೆ ಇಬ್ಬನಿ ಇರುವಾಗಲೇ ಮುಗಿಸಿ. ಕಬ್ಬಿಣದ ಬ್ಲೇಡು ಕಲ್ಲಿಗೆ ತಾಗಿದರೆ ಅದೇ ಕಿಡಿ ಹಾರಿಸುತ್ತದೆ. ಮೆಷಿನ್‌ಗೆ ನೈಲಾನ್ ದಾರ ಹಾಕಿಸಿ. ನಮ್ಮೂರಲ್ಲಿ ಒಬ್ಬರು ಬೆಂಕಿ ತಡೆಯಲು ಹುಲ್ಲು ಕೊಯ್ಸಲು ಹೋಗಿ ಬೆಂಕಿ ಹಚ್ಚಿಕೊಂಡರು!

ಕೊರಟಗೆರೆಯಿಂದ, ಮೇಷ್ಟ್ರು ಮತ್ತು ಅರ್ಧ ರೈತ

ಮುನ್ಸೂಚನೆ ಓದುವ ಬಗ್ಗೆ ಹೇಳುತ್ತೇನೆ, ಅದು ನನ್ನ ಹುಚ್ಚು.

ಹವಾಮಾನ ಇಲಾಖೆಯ ಕೃಷಿ ಹವಾಮಾನ ವರದಿ ಜಿಲ್ಲೆಗೊಂದರಂತೆ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಮಳೆ, ಗರಿಷ್ಠ ಕನಿಷ್ಠ ತಾಪಮಾನ, ಮೋಡ, ತೇವಾಂಶ, ಗಾಳಿಯ ವೇಗ, ದಿಕ್ಕು, ಎಲ್ಲ ಇರುತ್ತದೆ. ಎಲ್ಲರೂ ತಾಪಮಾನ ನೋಡಿ "ಅಬ್ಬಾ 36" ಅನ್ನುತ್ತಾರೆ. ಬೆಂಕಿಗೆ ಅದೊಂದೇ ಮುಖ್ಯ ಅಲ್ಲ. ತೇವಾಂಶ ಎರಡು ಸಂಖ್ಯೆಯಲ್ಲಿ ಇರುತ್ತದೆ, ಬೆಳಗಿನದು ದೊಡ್ಡದು, ಮಧ್ಯಾಹ್ನದ್ದು ಚಿಕ್ಕದು. ಜನ ದೊಡ್ಡದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ. ನೀವು ಚಿಕ್ಕದನ್ನು ನೋಡಿ.

ಹೊರದೇಶಗಳಲ್ಲಿ ಬೆಂಕಿ ಆರಿಸುವವರು '30-30-30' ಅಂತ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಬಿಸಿಲು 30 ಡಿಗ್ರಿಗಿಂತ ಮೇಲೆ, ತೇವಾಂಶ ಶೇ 30ಕ್ಕಿಂತ ಕೆಳಗೆ, ಗಾಳಿ ಗಂಟೆಗೆ 30 ಕಿ.ಮೀ.ಗಿಂತ ಮೇಲೆ. ಮೂರೂ ಸೇರಿದ ದಿನ ಬೆಂಕಿ ಕೈಗೆ ಸಿಗಲ್ಲ. ನಮ್ಮ ಮಾರ್ಚ್ ತಿಂಗಳಲ್ಲಿ ಮೊದಲ ಎರಡು ಹೆಚ್ಚುಕಮ್ಮಿ ದಿನಾ ಇರುತ್ತವೆ, ಅಲ್ವಾ? ಹಾಗಾಗಿ ನಮಗೆ ಉಳಿಯುವುದು ಗಾಳಿ ಒಂದೇ. ಒಣ ಹುಲ್ಲಿಗೆ 30 ಕೂಡ ಬೇಡ, ಅದರ ಅರ್ಧ ಸಾಕು. ವರದಿಯಲ್ಲಿ ಗಾಳಿ ಹಿಂದಿನ ದಿನಗಳಿಗಿಂತ ಎದ್ದು ಕಂಡರೆ ಆ ದಿನ ನಾನು ತೋಟ ಬಿಟ್ಟು ಹೋಗಲ್ಲ.

ಇನ್ನೊಂದು ಇದೆ. ಭಾರತೀಯ ಅರಣ್ಯ ಸಮೀಕ್ಷೆಯವರ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ, ನೀವು ಆರಿಸಿದ ಜಾಗದಲ್ಲಿ ಉಪಗ್ರಹಕ್ಕೆ ಬೆಂಕಿ ಕಂಡಾಗ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ಆದರೆ ಇದನ್ನೇ ನಂಬಿ ಕೂರಬೇಡಿ. ಉಪಗ್ರಹ ದಿನಕ್ಕೆ ಕೆಲವು ಸಲ ಮಾತ್ರ ನಮ್ಮ ಮೇಲೆ ಹಾಯುತ್ತದೆ, ಅದು ನೋಡುವ ಒಂದೊಂದು ಚೌಕ ಸುಮಾರು 375 ಮೀಟರ್. ನಿಮ್ಮ ಬೇಲಿ ಬೆಂಕಿ ಅದರ ಕಣ್ಣಿಗೆ ಬೀಳುವ ಹೊತ್ತಿಗೆ ನಿಮ್ಮ ಮೂಗಿಗೆ ಎಂದೋ ಬಡಿದಿರುತ್ತದೆ.

ಪಕ್ಕದ ಹೋಬಳಿಯವರು

ಸುಮ್ನೆ ಹೆದರಿಸಬೇಡಿ. ನಮ್ಮಜ್ಜನ ಕಾಲದಿಂದ ಸುಡುತ್ತಿದ್ದೇವೆ, ಏನೂ ಆಗಿಲ್ಲ. ಸುಟ್ಟರೆ ದನಕ್ಕೆ ಹೊಸ ಚಿಗುರು ಬರುತ್ತದೆ.

ಮಧುಗಿರಿ ಕಡೆಯ ರೈತ

ಅಣ್ಣ, ನಮ್ಮಜ್ಜನೂ ಸುಡುತ್ತಿದ್ದ. ಆಗ ಬೆಟ್ಟಕ್ಕೆ ನೂರು ದನ ಹೋಗಿ ಹುಲ್ಲು ಮೇದು ಬೋಳು ಮಾಡಿರುತ್ತಿದ್ದವು, ಬೆಂಕಿಗೆ ಮೇವೇ ಇರುತ್ತಿರಲಿಲ್ಲ. ಈಗ ಊರಲ್ಲಿ ಹತ್ತು ಸೀಮೆ ಹಸು, ಅವೂ ಕೊಟ್ಟಿಗೆಯಲ್ಲಿ. ಬೆಟ್ಟದ ತುಂಬ ಹುಲ್ಲು, ಲಂಟಾನ.

ಎರಡು ಬೇಸಿಗೆ ಬೆಂಕಿ ಕಾವಲಿಗೆ ಹೋಗಿದ್ದವನು

ಮೇಡಂ, ಬೆಂಕಿ ಬಂದೇಬಿಟ್ಟರೆ ಏನು ಅಂತ ಯಾರೂ ಹೇಳಲಿಲ್ಲ.

ಬೆಂಕಿ ಬೆಟ್ಟ ಹತ್ತುವಾಗ ಓಡುತ್ತದೆ, ಇಳಿಯುವಾಗ ನಡೆಯುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿ ಆದರೆ ವೇಗ ಸುಮಾರು ಎರಡರಷ್ಟು ಅಂತ ನಮಗೆ ಹೇಳಿಕೊಟ್ಟಿದ್ದರು. ಅದಕ್ಕೇ ಬೆಂಕಿಯ ಮೇಲ್ಗಡೆ ಯಾವತ್ತೂ ನಿಲ್ಲಬೇಡಿ. ನಿಮ್ಮ ತೋಟ ಬುಡದಲ್ಲಿ ಇರುವುದು ಒಂದು ಲೆಕ್ಕಕ್ಕೆ ಪುಣ್ಯ, ಮೇಲಿಂದ ಬರುವ ಬೆಂಕಿ ನಿಧಾನ. ಆದರೆ ಗಾಳಿ ಕೆಳಮುಖವಾದರೆ, ಉರಿಯುವ ಕೊರಡು ಉರುಳಿದರೆ, ಈ ಲೆಕ್ಕ ಉಲ್ಟಾ. ಮತ್ತೆ ನಿಮ್ಮ ಬೇಲಿಯಲ್ಲಿ ಹತ್ತಿದ್ದು ಕಾಡಿನ ಕಡೆ ಹೋದರೆ ಅದು ಏರುಮುಖ, ಯಾರ ಕೈಗೂ ಸಿಗಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ಪಕ್ಕದ ತೋಟದವರಿಗೆ ಇದನ್ನೂ ಹೇಳಿ.

ಹುಲ್ಲಿನ ಸಣ್ಣ ಬೆಂಕಿಯನ್ನು ಹಸಿ ಹೊಂಗೆ ಕೊಂಬೆಯಲ್ಲಿ ಬಡಿಯಬಹುದು. ಎತ್ತಿ ಎತ್ತಿ ಹೊಡೆಯಬಾರದು, ಕಿಡಿ ಹಾರುತ್ತದೆ. ಒತ್ತಿ ಹಿಡಿದು ಎಳೆಯಬೇಕು. ಬೆನ್ನಿಗೆ ಹಾಕುವ ಔಷಧಿ ಸ್ಪ್ರೇಯರ್ ಚೆನ್ನಾಗಿ ತೊಳೆದು ನೀರು ತುಂಬಿಟ್ಟಿರಿ, 16 ಲೀಟರ್ ಸಣ್ಣದಲ್ಲ. ಬಟ್ಟೆ ಹತ್ತಿಯದೇ ಇರಲಿ, ಪಾಲಿಯೆಸ್ಟರ್ ಮೈಗೆ ಅಂಟಿ ಸುಡುತ್ತದೆ. ಉರಿ ಆಳೆತ್ತರಕ್ಕೆ ಬಂದರೆ ಬಡಿಯುವ ಮಾತೇ ಇಲ್ಲ, ಆಗಲೇ ಸುಟ್ಟು ಕಪ್ಪಾದ ಕಡೆಗೋ ರಸ್ತೆಗೋ ಬಂದುಬಿಡಿ. ಎದುರು ಬೆಂಕಿ ಕೊಡುವುದು, ಅಂದರೆ ಬರುವ ಬೆಂಕಿಯ ಮುಂದಿನ ಹುಲ್ಲನ್ನು ನಾವೇ ಮೊದಲು ಸುಡುವುದು, ನೋಡಲು ಚೆಂದ, ನೀವು ಮಾಡಬೇಡಿ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. ಅವರು ಕಾಡು ಗೊತ್ತಿದ್ದವರು.

ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯ 1926ಕ್ಕೆ, ಇಲ್ಲದಿದ್ದರೆ 112ಕ್ಕೆ ಫೋನ್ ಮಾಡಿ. "ಬೆಟ್ಟದಲ್ಲಿ ಬೆಂಕಿ" ಅಂದರೆ ಯಾವ ಬೆಟ್ಟ ಅಂತ ಅವರು ಹುಡುಕುತ್ತಾರೆ. ಯಾವ ದೇವಸ್ಥಾನದ ಯಾವ ಕಡೆ, ಗಾಡಿ ಎಲ್ಲಿವರೆಗೆ ಬರುತ್ತದೆ ಅಂತ ಹೇಳಿ.

ಕೋಲಾರದಿಂದ

ನಮ್ಮ ಕಡೆ ನೀಲಗಿರಿ ತೋಪಿನದೇ ಕಾಟ. 2017ರಲ್ಲಿ ಹೊಸದಾಗಿ ನೆಡುವುದಕ್ಕೆ ಸರ್ಕಾರ ನಿಷೇಧ ಹಾಕಿದರೂ ಹಳೆ ತೋಪುಗಳು ಇವೆ. ಅದರ ಸುಲಿದ ತೊಗಟೆ ಹೊತ್ತಿಕೊಂಡು ಗಾಳಿಯಲ್ಲಿ ಪಂಜಿನ ಹಾಗೆ ಹಾರುತ್ತದೆ. ಹನ್ನೆರಡು ಅಡಿ ಅದಕ್ಕೆ ಯಾವ ಲೆಕ್ಕ? ನಿಮ್ಮ ಗಾಳಿ ಬರುವ ಕಡೆ ನೀಲಗಿರಿ ಇದ್ದರೆ ಬೇಲಿ ಒಂದನ್ನೇ ನೆಚ್ಚಬೇಡಿ. ಮಾವಿನ ಬುಡದ ತರಗು ಗುಡಿಸಿ ದೂರ ಹಾಕಿ, ಬೋರ್ ಸ್ಟಾರ್ಟರ್ ಪೆಟ್ಟಿಗೆ ಸುತ್ತ ಹುಲ್ಲು ತೆಗೆಸಿ. ತೋಟದ ಮೇಲೆ ಕರೆಂಟ್ ತಂತಿ ಜೋತುಬಿದ್ದಿದ್ದರೆ ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ, ಇವತ್ತೇ 1912ಕ್ಕೆ ದೂರು ಕೊಡಿ.

ಕೇಳಿದವರು, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಸುಡುವುದನ್ನು ಬಿಟ್ಟೆವು. ಇವತ್ತು ಬೆಳಗ್ಗೆ ಆರರಿಂದ ಒಂಬತ್ತರವರೆಗೆ ನಾಲ್ಕು ಜನ ಕುಡುಗೋಲಿನಲ್ಲಿ ಕೊಯ್ದರು, ಕಾಡಿನ ಕಡೆ ಅರ್ಧ ಸಾಲು ಮುಗಿದಿದೆ. ಉಳಿದದ್ದು ನಾಳೆ. ತಂತಿ ನಿಜವಾಗಿಯೂ ಜೋತುಬಿದ್ದಿದೆ, ನಾವು ಇಷ್ಟು ದಿನ ತಲೆ ಎತ್ತಿ ನೋಡೇ ಇರಲಿಲ್ಲ. ಈಗಷ್ಟೇ ದೂರು ಕೊಟ್ಟೆ. ಕೊಯ್ದ ಹುಲ್ಲು ಒಂದು ಟ್ರ್ಯಾಕ್ಟರ್ ಆಗುವಷ್ಟು ಬಿದ್ದಿದೆ, ದನ ಮೂಸಿಯೂ ನೋಡುತ್ತಿಲ್ಲ. ಇದನ್ನೇನು ಮಾಡಲಿ?

ಮಧುಗಿರಿ ಕಡೆಯ ರೈತ

ಬೇಲಿಯಿಂದ ದೂರ, ತೋಟದ ನಡುವೆ ಗುಂಡಿಗೆ ಹಾಕಿ, ಸಗಣಿ ನೀರು ಚೆಲ್ಲಿ, ಮೇಲೆ ಮಣ್ಣು ಮುಚ್ಚಿ. ಮಳೆಗಾಲಕ್ಕೆ ಗೊಬ್ಬರ. ಬೇಲಿ ಪಕ್ಕ ಮಾತ್ರ ಗುಡ್ಡೆ ಹಾಕಬೇಡಿ ಅಕ್ಕ.