ಮೂರನೇ ಅಡ್ಡರಸ್ತೆ ನಿವಾಸಿಗಳ ಬಳಗ: ಮತ್ತೆ ಟ್ಯಾಂಕ್ ತುಂಬಿ ಹರಿಯಿತು!

ಮನೆ 31, ಕೆಳಮಹಡಿ (ಬೆಳಗ್ಗೆ 5.12)
ರಾತ್ರಿ ಎರಡರಿಂದ ನಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿಲ್ಲ. 22ರ ಟ್ಯಾಂಕ್ ಉಕ್ಕಿ, ಅದರ ನೀರು ನೇರವಾಗಿ ನಮ್ಮ ಅಡುಗೆಮನೆ ಹಿಂದಿನ ತಗಡಿನ ಮೇಲೆ ಬೀಳುತ್ತಿತ್ತು. ಮಗುವಿಗೆ ಜ್ವರ ಬೇರೆ. ಗೇಟು ಬಡಿದೆ, ಗಂಟೆ ಒತ್ತಿದೆ, ಒಂದು ದೀಪವೂ ಹೊತ್ತಲಿಲ್ಲ. ನಾವು ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತೇವೆ, ಇವರು ಚರಂಡಿಗೆ ಕುಡಿಸುತ್ತಾರೆ. ಇವತ್ತು ಇದು ಇತ್ಯರ್ಥವಾಗಲೇಬೇಕು.

ಮನೆ 12 (5.40)
ಶುಭೋದಯ 🙏 ನಗುನಗುತ್ತಾ ದಿನ ಆರಂಭಿಸಿ.

ಮನೆ 4 (6.02)
ಅಮ್ಮಾ, ಇದನ್ನು ನಾನು ಸಂಘದ ಸಭೆಯಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಬೆಂಗಳೂರಿಗೆ ಕಾವೇರಿ ನೀರು ಸುಮ್ಮನೆ ಬರುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಸುಮಾರು 100 ಕಿ.ಮೀ. ದೂರದಿಂದ ಮೇಲಕ್ಕೆತ್ತಿ ತರುತ್ತಾರೆ. 22ರಲ್ಲಿ ಬಾಡಿಗೆಗಿರುವ ಹುಡುಗರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಮನೆ 22, ಎರಡನೇ ಮಹಡಿ (7.15)
ಸರ್, ಮೋಟಾರಿನ ಸ್ವಿಚ್ ಮಾಲೀಕರ ಮನೆಯೊಳಗಿದೆ. ನಮ್ಮ ಕೈಯಲ್ಲಿರುವುದು ನಲ್ಲಿ ಮಾತ್ರ.

ಮನೆ 22, ಮಾಲೀಕರು (7.31)
ನೆಲದಡಿಯ ಸಂಪ್‌ಗೆ ನೀರು ಬಂದದ್ದೇ ರಾತ್ರಿ ಒಂದು ಗಂಟೆಗೆ. ಮೋಟಾರ್ ಹಾಕಿ, ಮಾತ್ರೆ ನುಂಗಿ ಮಲಗಿದೆ. ಈ ವಯಸ್ಸಿನಲ್ಲಿ ತಾರಸಿಯಲ್ಲಿ ಕಾವಲು ಕೂರಬೇಕೇ? ಇನ್ನು ಕರೆಂಟಿನ ಮಾತು ಎತ್ತಬೇಡಿ, ಗೃಹಜ್ಯೋತಿ ಇದೆ.

ಮನೆ 18 (7.48)
ಅಂಕಲ್, ಬೇಸರ ಮಾಡಿಕೊಳ್ಳಬೇಡಿ. ತಿಂಗಳಿಗೆ 200 ಯೂನಿಟ್ ದಾಟಿತೋ, ಹೆಚ್ಚಾದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ನೀವೇ ಕಟ್ಟಬೇಕು. ಒಂದು ಎಚ್‌ಪಿ ಮೋಟಾರ್ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿಸಿ. ಟ್ಯಾಂಕ್ ತುಂಬಿದೊಡನೆ ಅದೇ ಮೋಟಾರ್ ಆರಿಸುತ್ತದೆ, ನೀವು ನೆಮ್ಮದಿಯಾಗಿ ಮಲಗಬಹುದು.

ಮನೆ 4 (7.55)
ಅದೆಲ್ಲ ಏಕೆ? ಬಾಲ್ ವಾಲ್ವ್ ಸಾಕು. ನಾನು ಮನೆ ಕಟ್ಟಿದಾಗಲೇ ಹಾಕಿಸಿದ್ದೇನೆ.

ಮನೆ 18 (8.01)
ಸರ್, ಸಂಪಿಗೆ ಬಾಲ್ ವಾಲ್ವ್ ಸರಿ. ಮೇಲಿನ ಟ್ಯಾಂಕಿಗೆ ಅದೊಂದನ್ನೇ ಹಾಕಿದರೆ ನೀರು ನಿಲ್ಲುತ್ತದೆಯೇ ಹೊರತು ಮೋಟಾರ್ ನಿಲ್ಲುವುದಿಲ್ಲ. ಮುಚ್ಚಿದ ಪೈಪಿಗೆ ತಳ್ಳಿ ತಳ್ಳಿ ಕಾದು ಸುಟ್ಟುಹೋಗುತ್ತದೆ.

ಮನೆ 4 (8.03)
ಮೂವತ್ತು ವರ್ಷ ಎಂಜಿನಿಯರ್ ಆಗಿದ್ದವನಿಗೆ ಪಾಠವೇ?

ಮನೆ 27 (8.10)
ಎಂಜಿನಿಯರ್ ಸಾಹೇಬರು ಪ್ರತಿ ಭಾನುವಾರ ಪೈಪು ಹಿಡಿದು ಕಾರಿಗೆ ಅಭಿಷೇಕ ಮಾಡುತ್ತಾರಲ್ಲ, ಅದು ಯಾವ ಲೆಕ್ಕಕ್ಕೆ? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತ್ತು. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮನೆ 4 (8.11)
ಅದು ಕೊಳವೆಬಾವಿ ನೀರು.

ಮನೆ 27 (8.11)
ಬಾವಿ ಬತ್ತಿಹೋಯಿತೆಂದು ಹೋದ ಬೇಸಿಗೆಯಲ್ಲಿ ನೀವೇ ಹೇಳಿದಿರಿ.

ಮನೆ 12 (8.20)
ಬಂದದ್ದನ್ನು ಕಳಿಸುತ್ತಿದ್ದೇನೆ: ‘ಮೀಟರಿನ ಮೇಲೆ ಅಯಸ್ಕಾಂತ ಇಡಿ, ಬಿಲ್ ಅರ್ಧವಾಗುತ್ತದೆ. ಹತ್ತು ಜನರಿಗೆ ತಿಳಿಸಿ.’

ಮನೆ 18 (8.22)
ಅಣ್ಣಾ, ಅದು ವಿದ್ಯುತ್ ಕಳ್ಳತನ. ದಯವಿಟ್ಟು ಅಳಿಸಿ.

ಮನೆ 9, ಮೇಷ್ಟ್ರು (8.40)
ಜಗಳದ ನಡುವೆ ಒಂದು ಮಾತು. ಟ್ಯಾಂಕ್ ಉಕ್ಕಿದರೆ ಸದ್ದಾಗುತ್ತದೆ, ಫ್ಲಶ್ ಸೋರಿದರೆ ಸದ್ದೇ ಇಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಫ್ಲಶ್ ತೊಟ್ಟಿಗೆ ಬಿಟ್ಟು, ಅರ್ಧ ಗಂಟೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಕಮೋಡಿನ ಗೋಡೆಗುಂಟ ತೆಳ್ಳಗೆ ನೀಲಿ ಗೆರೆ ಇಳಿದರೆ ಒಳಗಿನ ರಬ್ಬರ್ ಸವೆದಿದೆ ಎಂದರ್ಥ. ನಮ್ಮ ಮನೆಯಲ್ಲಿ ಹಾಗೆಯೇ ಸಿಕ್ಕಿಬಿತ್ತು.

ಮನೆ 15 (8.44)
ಅರ್ಧ ಗಂಟೆಯೇ, ಮೇಷ್ಟ್ರೇ? ನಮ್ಮಲ್ಲಿ ಏಳು ಜನ, ಒಂದೇ ಕಕ್ಕಸು. ಬೆಳಗಿನ ಹೊತ್ತು ಈ ಪ್ರಯೋಗ ಮಾಡಿದರೆ ರಕ್ತಪಾತವಾಗುತ್ತದೆ 😂

ಮನೆ 31 (9.05)
ನಗುವುದು ಮುಗಿದಿದ್ದರೆ ಕೇಳಿ. ನಮ್ಮ ತಗಡಿನ ಗತಿಯೇನು?

ಮನೆ 18 (9.12)
ನಮ್ಮ ಎಲೆಕ್ಟ್ರಿಷಿಯನ್ ಭಾನುವಾರ ಹತ್ತಕ್ಕೆ ಬರುತ್ತಾರೆ. ಫ್ಲೋಟ್ ಸ್ವಿಚ್ಚಿಗೆ ಒಂದು ಟ್ಯಾಂಕರ್ ನೀರಿನಷ್ಟೂ ಖರ್ಚಾಗದು. ಬೇಕಾದವರು ಮನೆ ಸಂಖ್ಯೆ ಬರೆಯಿರಿ.

ಮನೆ 9 (9.15)
9.

ಮನೆ 31 (9.16)
22.

ಮನೆ 22, ಮಾಲೀಕರು (9.30)
ನಮ್ಮ ಪರವಾಗಿ ಬರೆಯಲು ನೀವು ಯಾರು? ಮಗ ದಸರೆಗೆ ಬರುತ್ತಾನೆ, ಅವನನ್ನು ಕೇಳಿ ಹೇಳುತ್ತೇನೆ.

ಮನೆ 15 (9.33)
ಭಾನುವಾರ ನಾವು ಗೃಹಪ್ರವೇಶಕ್ಕೆ ಹೊರಟಿದ್ದೇವೆ. ಮುಂದಿನ ವಾರ ಇಟ್ಟುಕೊಳ್ಳಬಹುದೇ?

ಮನೆ 4 (9.41)
ಮನೆಮನೆಯ ಸ್ವಿಚ್ಚು ಆಮೇಲಾಗಲಿ. ಉದ್ಯಾನದ ಮೂಲೆಯ ಬೀದಿದೀಪ ನೋಡಿದ್ದೀರಾ? ಹಗಲು ಹನ್ನೆರಡಕ್ಕೂ ಉರಿಯುತ್ತಿರುತ್ತದೆ. ಅದು ನಮ್ಮೆಲ್ಲರ ತೆರಿಗೆ ದುಡ್ಡು.

ಮನೆ 27 (9.43)
ಇದೊಂದು ಮಾತು ಒಪ್ಪಿದೆ. ನಮ್ಮ ಗೇಟಿನ ಎದುರಿನ ದೀಪವಂತೂ ಸಂಜೆ ಆರುತ್ತದೆ, ಬೆಳಗ್ಗೆ ಹೊತ್ತುತ್ತದೆ.

ಮನೆ 22, ಮಾಲೀಕರು (9.45)
ಖಂಡಿತ ದೂರು ಕೊಡಬೇಕು. ಎಂಥ ಪೋಲು!

ಮನೆ 31 (9.46)
ಪೋಲಿನ ಮಾತು ಯಾರ ಬಾಯಲ್ಲಿ ಬಂತು ನೋಡಿ.

ಮನೆ 4 (9.50)
ಮನವಿಪತ್ರ ನಾನೇ ಬರೆಯುತ್ತೇನೆ. ಭಾನುವಾರ ಹತ್ತಕ್ಕೆ ಉದ್ಯಾನದಲ್ಲಿ ಸೇರೋಣ, ಎಲ್ಲರೂ ಸಹಿ ಹಾಕಬೇಕು.

ಮನೆ 15 (9.51)
ಹತ್ತಕ್ಕೇ ಆದರೆ ಸಹಿ ಹಾಕಿಯೇ ಹೊರಡುತ್ತೇವೆ.

ಮನೆ 22, ಮಾಲೀಕರು (9.52)
ಮೊದಲ ಸಹಿ ನನ್ನದು.

ಮನೆ 9 (9.58)
ಕರಡು ನನಗೆ ಕಳಿಸಿ. ಹೋದ ಸಲ ‘ಮಾನ್ಯರೇ’ ಎಂಬಲ್ಲಿ ‘ಮಾನ್ಯರ’ ಎಂದಾಗಿತ್ತು.